ಹಳೆಯ ಕಾರಿನ ಅಸಲಿ ಕಾಗದಪತ್ರಗಳು: ಗುರುತಿಸುವುದು ಹೇಗೆ, ಉಳಿಸುವುದು ಹೇಗೆ?

ಮೈಸೂರಿನ ಲಕ್ಷ್ಮೀಪುರಂ, ಚಾಮರಾಜಪುರಂ ಕಡೆಯ ಹಳೆಯ ಮನೆಗಳ ಶೆಡ್ಡುಗಳಲ್ಲಿ, ಮದ್ದೂರು, ಪಾಂಡವಪುರದ ಕಬ್ಬು ಬೆಳೆಗಾರರ ಹಟ್ಟಿಗಳಲ್ಲಿ ಟಾರ್ಪಾಲು ಹೊದ್ದು ನಿಂತ ಅಂಬಾಸಿಡರ್, ಫಿಯೆಟ್‌ಗಳು ಇನ್ನೂ ಇವೆ. ತಾತನೋ ಸೋದರಮಾವನೋ ಓಡಿಸುತ್ತಿದ್ದ ಆ ಗಾಡಿಯನ್ನು ಮತ್ತೆ ರಸ್ತೆಗಿಳಿಸಬೇಕೆಂಬ ಆಸೆ ಹಲವು ಮನೆಗಳಲ್ಲಿ ಚಿಗುರುತ್ತಿದೆ. ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಬದಿಯಲ್ಲಿರುವ ‘ಪಯಣ’ ಕಾರು ವಸ್ತುಸಂಗ್ರಹಾಲಯವನ್ನು ನೋಡಿ ಬಂದವರಿಗಂತೂ ಈ ಆಸೆ ಇಮ್ಮಡಿಯಾಗುತ್ತದೆ.

ಆದರೆ ಶೆಡ್ಡು ತೆರೆದ ದಿನ ಮೊದಲು ಕಸದ ಬುಟ್ಟಿಗೆ ಹೋಗುವುದು ಡ್ಯಾಶ್‌ಬೋರ್ಡಿನ ಗೂಡಿನಲ್ಲಿರುವ ಕಾಗದಗಳು. ಧೂಳು ಹಿಡಿದ ಕೈಪಿಡಿ, ಅಂಟಂಟಾದ ಪ್ಲಾಸ್ಟಿಕ್ ಚೀಲ, ಗ್ಯಾರೇಜಿನ ಹರಿದ ಬಿಲ್ಲು, ಒಂದು ಸರ್ವಿಸ್ ಕೂಪನ್ ಪುಸ್ತಕ. ಬಂಪರನ್ನು ಮತ್ತೆ ಕ್ರೋಮ್ ಮಾಡಿಸಬಹುದು, ಸೀಟನ್ನು ಹೊಸದಾಗಿ ಹೊಲಿಸಬಹುದು. ನಿಮ್ಮ ಕಾರಿನ ಚಾಸಿ ಸಂಖ್ಯೆ ಬರೆದಿರುವ ಸರ್ವಿಸ್ ಪುಸ್ತಕ ಮಾತ್ರ ಜಗತ್ತಿನಲ್ಲಿ ಒಂದೇ ಒಂದು ಇರುತ್ತದೆ.

ಈಗೇಕೆ ಈ ವಿಚಾರ?

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕ ನೋಂದಣಿ ವ್ಯವಸ್ಥೆ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನೋಂದಣಿಯ ಅವಧಿ 10 ವರ್ಷ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಹೀಗೆ ನೋಂದಣಿಯಾದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ; ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ ಇಂಥ ಕೆಲಸಗಳಿಗಷ್ಟೇ ರಸ್ತೆಗೆ ತರಬಹುದು.

ಐವತ್ತು ವರ್ಷದ ಈ ಗೆರೆ ಈಗ ಮಧ್ಯಮ ವರ್ಗದ ಕಾರುಗಳನ್ನು ಮುಟ್ಟಿದೆ. ಫಿಯೆಟ್ ಕಾರುಗಳನ್ನು ನಮ್ಮ ದೇಶದಲ್ಲಿ ತಯಾರಿಸುತ್ತಿದ್ದ ಪ್ರೀಮಿಯರ್ ಕಂಪನಿಯ ಕಾರಿಗೆ ‘ಪದ್ಮಿನಿ’ ಎಂದು ಹೆಸರಾದದ್ದು 1974ರಲ್ಲಿ. ಅಂದರೆ ನಿನ್ನೆಮೊನ್ನೆಯ ಟ್ಯಾಕ್ಸಿ ಎಂದು ನಾವು ತಿಳಿದಿದ್ದ ಕಾರುಗಳ ಮೊದಲ ತಂಡ ವಿಂಟೇಜ್ ಆಗುವ ವಯಸ್ಸಿಗೆ ಬಂದಿದೆ. ಅರ್ಜಿಯ ಜೊತೆ ಹಳೆಯ ನೋಂದಣಿ ಪತ್ರ ಬೇಕು. ಹೊರದೇಶದಿಂದ ತಂದ ಕಾರಾದರೆ ಕಸ್ಟಮ್ಸ್ ದಾಖಲೆ ಬೇಕು. ಕಾರು ಮೊದಲಿನಂತೆಯೇ ಇದೆ ಎಂದು ತೋರಿಸುವ ಸಂದರ್ಭ ಬಂದಾಗ ಕಂಪನಿಯ ಕೈಪಿಡಿ, ಸರ್ವಿಸ್ ದಾಖಲೆಗಳು ಮಾಲೀಕನ ಮಾತಿಗೆ ಬಲ ಕೊಡುತ್ತವೆ.

ಎರಡು ಬಗೆಯ ಕಾಗದಗಳು

ಕಾರಿನೊಂದಿಗೆ ಬಂದ ಎಲ್ಲ ಕಾಗದಗಳೂ ಒಂದೇ ಜಾತಿಯವಲ್ಲ. ಮದುವೆಯ ಕಾಗದಗಳನ್ನು ನೆನೆಯಿರಿ. ನೋಂದಣಿ ಪ್ರಮಾಣಪತ್ರ ಕಾನೂನಿಗೆ ಬೇಕಾದದ್ದು. ಲಗ್ನಪತ್ರಿಕೆ, ಮುಯ್ಯಿ ಪುಸ್ತಕ, ಫೋಟೊ ಆಲ್ಬಮ್ ಮದುವೆ ಹೇಗೆ ನಡೆಯಿತು ಎಂದು ಹೇಳುವಂಥವು. ಕಾರಿನಲ್ಲಿಯೂ ನೋಂದಣಿ ಪುಸ್ತಕ, ತೆರಿಗೆ ರಸೀದಿ, ವಿಮೆ, ಆಮದು ದಾಖಲೆ ಮೊದಲ ಗುಂಪಿನವು. ಮಾಲೀಕರ ಕೈಪಿಡಿ, ಸರ್ವಿಸ್ ಪುಸ್ತಕ, ವಾರಂಟಿ ಚೀಟಿ, ಡೀಲರುಗಳ ಪಟ್ಟಿ, ರೇಡಿಯೊ ಕೈಪಿಡಿ, ಇವನ್ನೆಲ್ಲ ಇಟ್ಟುಕೊಳ್ಳಲು ಕೊಟ್ಟ ಚೀಲ, ಡೀಲರನ ಹೆಸರಿದ್ದ ಕೀಲಿಬಿಲ್ಲೆ ಎರಡನೆಯ ಗುಂಪಿನವು.

ಈ ಭೇದ ತಿಳಿದಿರಲೇಬೇಕು, ಏಕೆಂದರೆ ಮೊದಲ ಗುಂಪಿನ ಕಾಗದಕ್ಕೆ ‘ಜೀರ್ಣೋದ್ಧಾರ’ ಎಂಬುದೇ ಇಲ್ಲ. ನೋಂದಣಿ ಪುಸ್ತಕದಲ್ಲಿ ಮಾಸಿದ ಅಕ್ಷರವನ್ನು ಒಳ್ಳೆಯ ಉದ್ದೇಶದಿಂದಲೇ ಪೆನ್ನಿನಲ್ಲಿ ತಿದ್ದಿದರೂ ಅದು ಸರ್ಕಾರಿ ದಾಖಲೆಯನ್ನು ತಿದ್ದಿದಂತೆಯೇ. ಹರಿದಿದ್ದರೆ, ಕಳೆದಿದ್ದರೆ ನಮೂನೆ 26ರಲ್ಲಿ ಅರ್ಜಿ ಸಲ್ಲಿಸಿ ನಕಲು ಪತ್ರ ಪಡೆಯುವುದೊಂದೇ ದಾರಿ. ಮಾಲೀಕರು ತೀರಿಕೊಂಡು ಕಾರು ಮಕ್ಕಳಿಗೆ ಬಂದಿದ್ದರೆ ನಮೂನೆ 31ರ ಮೂಲಕ ಹೆಸರು ಬದಲಾಯಿಸಬೇಕು. ಕೀಲು ಕಿತ್ತ ಹಳೆಯ ಪುಸ್ತಕವನ್ನು ಹಾಗೆಯೇ, ಏನನ್ನೂ ಮುಟ್ಟದೆ ಜೋಪಾನ ಮಾಡಿ.

ಈ ಕೈಪಿಡಿ ನಮ್ಮ ಕಾರಿನದೇ?

ಗೂಡಿನಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಅದು ಆ ಕಾರಿನದೇ ಆಗಬೇಕಿಲ್ಲ. ಐವತ್ತು ವರ್ಷದಲ್ಲಿ ನಾಲ್ಕಾರು ಮಾಲೀಕರು, ಹತ್ತಾರು ಮೆಕ್ಯಾನಿಕ್‌ಗಳ ಕೈ ದಾಟಿ ಬಂದಿರುತ್ತದೆ. ಮೊದಲು ಕಾರನ್ನು ಓದಿ, ನಂತರ ಪುಸ್ತಕವನ್ನು ಓದಿ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆಯುವ ಪದ್ಧತಿ ಆರ್‌ಟಿಒ ಕೆಲಸ ಮಾಡಿಸಿದ ಎಲ್ಲರಿಗೂ ಗೊತ್ತು. ಆ ಅಚ್ಚನ್ನು ನೋಂದಣಿ ಪುಸ್ತಕದ ಜೊತೆಗೂ ಸರ್ವಿಸ್ ಪುಸ್ತಕದ ಮೊದಲ ಪುಟದ ಜೊತೆಗೂ ತಾಳೆ ನೋಡಿ. ಸಂಖ್ಯೆ ಕೂಡಿಬಂದರೆ ಬೇರೆ ಸಾಕ್ಷಿ ಬೇಡ.

ಕೈಪಿಡಿಯಲ್ಲಿ ಸಾಮಾನ್ಯವಾಗಿ ಚಾಸಿ ಸಂಖ್ಯೆ ಬರೆದಿರುವುದಿಲ್ಲ. ಅಲ್ಲಿ ಒಳಗಿನ ವಿವರಗಳೇ ದಾರಿ ತೋರಿಸಬೇಕು. ಅಂಬಾಸಿಡರ್ 1957ರಲ್ಲಿ ಬಂದಾಗ ಅದರಲ್ಲಿದ್ದದ್ದು 1476 ಸಿಸಿಯ, ಪಕ್ಕದಲ್ಲಿ ವಾಲ್ವ್‌ಗಳಿದ್ದ ಎಂಜಿನ್. 1959ರಲ್ಲಿ ಅದರ ಜಾಗಕ್ಕೆ ಮೇಲ್ಭಾಗದಲ್ಲಿ ವಾಲ್ವ್‌ಗಳಿರುವ 1489 ಸಿಸಿ ಎಂಜಿನ್ ಬಂತು. ಆದ್ದರಿಂದ 1965ರ ಕಾರಿನೊಳಗೆ 1476 ಸಿಸಿ ಎಂದು ಅಚ್ಚಾದ ಪುಸ್ತಕವಿದ್ದರೆ ಅದು ಬೇರೆಯ ಕಾರಿನಿಂದ ಬಂದದ್ದು. ಫಿಯೆಟ್ ವಿಷಯದಲ್ಲಿ ಇದು ಇಷ್ಟು ಸುಲಭವಲ್ಲ. 1100 ಡಿಲೈಟ್, ಪ್ರೀಮಿಯರ್ ಪ್ರೆಸಿಡೆಂಟ್, ಪದ್ಮಿನಿ ಎಲ್ಲದರ ಎಂಜಿನ್ನೂ 1089 ಸಿಸಿಯದೇ. ಬದಲಾದದ್ದು ಹೆಸರು ಮತ್ತು ಕೆಲವು ಹೊರಭಾಗಗಳು. ಇಂಥ ಕಡೆ ರಕ್ಷಾಪುಟದ ಹೆಸರು, ಚಿತ್ರದಲ್ಲಿರುವ ಮುಂಭಾಗದ ಜಾಲರಿ, ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿರುವ ಪ್ರಕಟಣೆ ಸಂಖ್ಯೆ ಮತ್ತು ಮುದ್ರಣದ ತಿಂಗಳು ಇವನ್ನು ನೋಡಬೇಕು. ಮಾರಿಸ್, ಆಸ್ಟಿನ್ ಮುಂತಾದ ಬ್ರಿಟಿಷ್ ಕಾರುಗಳ ಪುಸ್ತಕಗಳಲ್ಲಿ ‘ಎಕೆಡಿ’ ಎಂದು ಶುರುವಾಗುವ ಸಂಖ್ಯೆ ಇರುವುದುಂಟು. ಆ ಸಾಲನ್ನು ಬರೆದಿಟ್ಟುಕೊಳ್ಳಿ. ಹುಡುಕಾಟದಲ್ಲಿ ಅದೇ ವಿಳಾಸ.

ಮೈಸೂರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ನಮ್ಮೂರಿನ ಕಾರ್ಖಾನೆಯ ಜಾವಾ ಬೈಕುಗಳು. ಐಡಿಯಲ್ ಜಾವಾ ಕಂಪನಿ 1961ರಿಂದ ಇಲ್ಲಿ ಬೈಕು ತಯಾರಿಸಿ, 1973ರಿಂದ ‘ಯೆಜ್ಡಿ’ ಹೆಸರಿಗೆ ಬದಲಾಯಿತು. 1968ರ ಬೈಕಿನ ಜೊತೆ ಯೆಜ್ಡಿ ಹೆಸರಿನ ಕೈಪಿಡಿ ಬಂದರೆ ಅದು ಯಾರೋ ಆಮೇಲೆ ಸೇರಿಸಿದ್ದು.

ಕಾಗದದ ಕಾಲ ಹೇಳುವ ಸಣ್ಣ ಗುರುತುಗಳು

ದಿನಾಂಕ ಹರಿದುಹೋದ ಬಿಲ್ಲು, ರಸೀದಿಗಳ ಕಾಲವನ್ನೂ ಕಂಡುಹಿಡಿಯಬಹುದು. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಹಣದ ಲೆಕ್ಕದಿಂದ ಶುರು ಮಾಡಿ. 1957ರ ಏಪ್ರಿಲ್ 1ರಂದು ದೇಶದಲ್ಲಿ ದಶಮಾಂಶ ನಾಣ್ಯ ಪದ್ಧತಿ ಬಂತು. ಬಿಲ್ಲಿನಲ್ಲಿ ಆಣೆ, ಪೈ ಎಂಬ ಅಂಕಣಗಳಿದ್ದರೆ ಆ ಬಿಲ್ ಪುಸ್ತಕ ಅಚ್ಚಾದದ್ದು ಅದಕ್ಕೂ ಮೊದಲು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವೆ. 1964ರ ಜೂನ್‌ನಿಂದ ‘ನಯಾ’ ಬಿಟ್ಟುಹೋಗಿ ಬರೀ ಪೈಸೆ ಉಳಿಯಿತು. ಆದರೆ ಹಳೆಯ ಬಿಲ್ ಪುಸ್ತಕ ಮುಗಿಯುವವರೆಗೂ ಅಂಗಡಿಯವರು ಅದನ್ನೇ ಬಳಸುತ್ತಿದ್ದರು. ಹಾಗಾಗಿ ಒಂದೆರಡು ವರ್ಷ ಆಚೀಚೆ ಇಟ್ಟುಕೊಳ್ಳಬೇಕು.

ವಿಳಾಸ ಇನ್ನೊಂದು ಸುಳಿವು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮುದ್ರಿತ ವಿಳಾಸದಲ್ಲಿ ಮೈಸೂರಿನ 570ರಿಂದಲೋ ಮಂಡ್ಯದ 571ರಿಂದಲೋ ಶುರುವಾಗುವ ಆರಂಕಿ ಸಂಖ್ಯೆ ಇದ್ದರೆ ಆ ಕಾಗದ ಅದಕ್ಕಿಂತ ಹಿಂದಿನದಾಗಿರಲಾರದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು, ಏಕೆಂದರೆ ಅಂದೇ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು. ‘ಮೈಸೂರು ಜಿಲ್ಲೆ, ಮಂಡ್ಯ’ ಎಂದು ಅಚ್ಚಾದ ಕಾಗದ ಸಿಕ್ಕರೆ ಇನ್ನೂ ಜೋಪಾನ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ.

ಕಾರಿನ ಸಂಖ್ಯೆಯೂ ಕಾಲ ಹೇಳುತ್ತದೆ. ಮೈಸೂರು ರಾಜ್ಯದ ಗಾಡಿಗಳಿಗೆ ‘ಎಂವೈ’ ಎಂದು ಆರಂಭವಾಗುವ ಸಂಖ್ಯೆಗಳಿದ್ದವು. ಇವತ್ತಿನ ‘ಕೆಎ’ ಬಂದದ್ದು 1989ರಲ್ಲಿ ಹೊಸ ಮೋಟಾರು ವಾಹನ ಕಾಯಿದೆ ಜಾರಿಯಾದ ಮೇಲೆ. ಮೈಸೂರಿಗೆ ಕೆಎ 09 ಮತ್ತು 55, ಮಂಡ್ಯಕ್ಕೆ ಕೆಎ 11. ‘ಎಪ್ಪತ್ತರ ದಶಕದ ಮೂಲ ಸರ್ವಿಸ್ ಪುಸ್ತಕ’ ಎಂದು ಯಾರಾದರೂ ಮಾರಲು ಬಂದು, ಅದರ ಎಲ್ಲ ನಮೂದುಗಳಲ್ಲೂ ಕೆಎ ಸಂಖ್ಯೆ ಇದ್ದರೆ ಕೈಬಿಡುವುದು ಒಳ್ಳೆಯದು.

ಅಸಲಿಯೋ, ಮರುಮುದ್ರಣವೋ?

ಬೇಡಿಕೆ ಹೆಚ್ಚಿದಂತೆ ನಕಲಿ ಕೈಪಿಡಿಗಳೂ ಬರುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಕೈಯಲ್ಲಿದ್ದರೆ ಅರ್ಧ ಸಂಶಯ ಅಲ್ಲೇ ತೀರುತ್ತದೆ. ಹಳೆಯ ಮೊಳೆ ಅಚ್ಚಿನ ಮುದ್ರಣದಲ್ಲಿ ಅಕ್ಷರ ಕಾಗದವನ್ನು ಒತ್ತಿರುತ್ತದೆ. ಪುಟದ ಹಿಂಬದಿಯಲ್ಲಿ ಬೆರಳಾಡಿಸಿದರೆ ಉಬ್ಬು ತಿಳಿಯುತ್ತದೆ. ಆಫ್‌ಸೆಟ್ ಮುದ್ರಣ ಸಮತಟ್ಟಾಗಿದ್ದು, ಬಣ್ಣದ ಚಿತ್ರಗಳಲ್ಲಿ ಚುಕ್ಕೆಗಳು ಹೂವಿನ ಎಸಳಿನಂತೆ ಕ್ರಮವಾಗಿ ಕೂತಿರುತ್ತವೆ. ಲೇಸರ್ ಪ್ರಿಂಟಾದರೆ ಅಕ್ಷರಕ್ಕೆ ಹೊಳಪು, ಅಂಚಿನಲ್ಲಿ ಪುಡಿ ಚೆಲ್ಲಿದಂಥ ಕಪ್ಪು ಕಣಗಳು.

ಮೂಲ ಚಿತ್ರದ ಚುಕ್ಕೆಗಳ ಮೇಲೆ ಇನ್ನೊಂದು ಸಾಲು ಚುಕ್ಕೆಗಳು ಬಿದ್ದು ಅಲೆಅಲೆಯಾದ ವಿನ್ಯಾಸ ಕಂಡರೆ ಅದು ಮುದ್ರಿತ ಪುಸ್ತಕವನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದು. ನೋಟು ಪರೀಕ್ಷಿಸುವ ನೇರಳಾತೀತ ದೀಪವೂ ಸಹಾಯಕ್ಕೆ ಬರುತ್ತದೆ. ಕಾಗದವನ್ನು ಬೆಳ್ಳಗೆ ತೋರಿಸುವ ಹೊಳಪು ರಾಸಾಯನಿಕಗಳ ಬಳಕೆ ಹೆಚ್ಚಿದ್ದು 1950ರ ದಶಕದಿಂದೀಚೆಗೆ. 1930ರ ದಶಕದ್ದೆಂದು ಹೇಳುವ ಪುಸ್ತಕ ಆ ದೀಪದಡಿ ನೀಲಿಯಾಗಿ ಜಗಜಗಿಸಿದರೆ ನಂಬಬೇಡಿ. ಸ್ಟೇಪಲ್ ಪಿನ್ನಿನ ತುಕ್ಕು ಕಾಗದಕ್ಕೆ ಇಳಿದಿದೆಯೇ ಎಂದೂ ನೋಡಿ. ಹಳದಿಗಟ್ಟಿದ ಪುಟಗಳ ನಡುವೆ ಮಿರುಗುವ ಪಿನ್ನಿದ್ದರೆ ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದಾರೆ.

ಮರುಮುದ್ರಣ ಕೊಳ್ಳುವುದು ತಪ್ಪಲ್ಲ. ಗ್ರೀಸ್ ಮೆತ್ತಿದ ಕೈಯಲ್ಲಿ ತಿರುವಿ ಹಾಕಲು ಅದೇ ಸರಿ. ಅದನ್ನು ಚಹಾ ನೀರಿನಲ್ಲಿ ಅದ್ದಿ ಹಳದಿ ಮಾಡಿ ಅಸಲಿ ಎಂದು ಮಾರುವುದು ಮೋಸ.

ಕಾಗದ ಏಕೆ ಕೆಡುತ್ತದೆ?

ಇಪ್ಪತ್ತನೆಯ ಶತಮಾನದ ಅಗ್ಗದ ಕಾಗದವನ್ನು ಮರದ ತಿರುಳಿನಿಂದ ಮಾಡುತ್ತಿದ್ದರು. ಅದರಲ್ಲಿರುವ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಬೆಸೆದಿರುವ ವಸ್ತು, ಬೆಳಕು ತಾಗಿದರೆ ಹಳದಿಯಾಗುತ್ತದೆ. ಮಸಿ ಹರಡದಿರಲೆಂದು ಸೇರಿಸುತ್ತಿದ್ದ ಪಟಿಕ ಆಮ್ಲವನ್ನು ಉಂಟುಮಾಡಿ ನಾರುಗಳನ್ನು ಒಳಗಿಂದಲೇ ಕತ್ತರಿಸುತ್ತದೆ. ಮಡಿಸಿದ ಕಡೆ ಕಾಗದ ಹಪ್ಪಳದಂತೆ ಮುರಿಯುವುದು ಇದರಿಂದ. ಇದರ ಮೇಲೆ ಬಿಸಿಲಿಗೆ ನಿಂತ ಕಾರಿನೊಳಗಿನ ಕಾವು, ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವ, ನಾಲೆ ಬಯಲಿನ ಮನೆಗಳ ಥಂಡಿ, ಗೆದ್ದಲು, ಬೆಳ್ಳಿಹುಳು ಎಲ್ಲವೂ ಸೇರುತ್ತವೆ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಅಲ್ಲೇ ನಿಂತರೆ ಬೂಷ್ಟು ಹಿಡಿಯುವುದು ಬಹುತೇಕ ಖಚಿತ.

ಹಾಳು ಮಾಡುವುದರಲ್ಲಿ ಮನುಷ್ಯನ ಪಾಲೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಸೆಲ್ಲೊಟೇಪ್ ಕೆಲವೇ ವರ್ಷಗಳಲ್ಲಿ ಕಂದಾಗಿ, ಟೇಪು ಉದುರಿದರೂ ಅದರ ಅಂಟು ಕಾಗದದೊಳಗೆ ಇಳಿದಿರುತ್ತದೆ. ಜೆರಾಕ್ಸ್ ಅಂಗಡಿಯ ಲ್ಯಾಮಿನೇಶನ್ ಅದಕ್ಕಿಂತ ಕೆಟ್ಟದ್ದು. ಬಿಸಿ ಪ್ಲಾಸ್ಟಿಕ್ ನಾರಿಗೆ ಕಚ್ಚಿಕೊಂಡರೆ ಬಿಡಿಸಲಾಗದು. ‘ಭದ್ರವಾಗಿರಲಿ’ ಎಂದು ತಾತನ ನೋಂದಣಿ ಪುಸ್ತಕದ ಹಾಳೆಗಳನ್ನು ಲ್ಯಾಮಿನೇಟ್ ಮಾಡಿಸಿದ ಮನೆಗಳು ಎಷ್ಟೋ ಇವೆ. ದಯವಿಟ್ಟು ಮಾಡಿಸಬೇಡಿ.

ಜೀರ್ಣೋದ್ಧಾರ: ಮನೆಯಲ್ಲಿ ಎಷ್ಟು, ತಜ್ಞರ ಬಳಿ ಎಷ್ಟು?

ಮೊದಲ ಕೆಲಸ ಫೋಟೊ ತೆಗೆಯುವುದು ಅಥವಾ ಸ್ಕ್ಯಾನ್ ಮಾಡುವುದು. ಸ್ಕ್ಯಾನಿನ ಸೂಕ್ಷ್ಮತೆ ಅಕ್ಷರಗಳಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ), ಚಿತ್ರಗಳಿಗೆ 600 ಸಾಕು. ಆಮೇಲೆ ಮೆತ್ತನೆಯ ಒಣ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಧೂಳು ತೆಗೆಯಿರಿ. ಬೂಷ್ಟು ಇದ್ದರೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮಾಡಿ.

ಸಾಮಾನ್ಯವಾಗಿ ಎದುರಾಗುವ ತೊಡಕು ವಿನೈಲ್ ಚೀಲ. ಆ ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ವರ್ಷಗಳು ಕಳೆದಂತೆ ಹೊರಕ್ಕೆ ಜಿನುಗಿ, ಕೈಪಿಡಿಯ ರಕ್ಷಾಪುಟದ ಮಸಿಯನ್ನು ಹೀರಿಕೊಂಡು ಅಂಟಿಕೊಳ್ಳುತ್ತದೆ. ಎಳೆದರೆ ಚಿತ್ರ ಚೀಲದ ಪಾಲಾಗುತ್ತದೆ. ಚೀಲವನ್ನು ಗಾಳಿಯಾಡದ ಕವರಿನಲ್ಲಿ ಹಾಕಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ಅಂಟು ಬಿಗಿಯುತ್ತದೆ. ಹೊರತೆಗೆದು, ಚೀಲವನ್ನೇ ಹಿಂದಕ್ಕೆ ಮಡಚುತ್ತಾ, ನಯವಾಗಿ ಕೆತ್ತಿದ ಬಿದಿರಿನ ಕಡ್ಡಿಯನ್ನು ಕಾಗದಕ್ಕೆ ಸಮಾನಾಂತರವಾಗಿ ಒಳಗೆ ಸರಿಸಬೇಕು. ಬಣ್ಣ ಏಳುವುದು ಕಂಡ ಕೂಡಲೇ ನಿಲ್ಲಿಸಿ. ಬಿಡಿಸಿಕೊಂಡ ಮೇಲೆ ಚೀಲವನ್ನು ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಪ್ರತ್ಯೇಕವಾಗಿಡಿ. ಅಸಲಿ ಪುಸ್ತಕ ಮತ್ತೆ ಆ ಚೀಲದೊಳಕ್ಕೆ ಹೋಗಬಾರದು.

ತುಕ್ಕು ಹಿಡಿದ ಪಿನ್ನನ್ನು ಎಳೆಯಬೇಡಿ. ಪುಸ್ತಕದ ಮಧ್ಯದ ಪುಟ ತೆರೆದು, ಪಿನ್ನಿನ ಎರಡು ಕಾಲುಗಳನ್ನು ತೆಳು ಅಲಗಿನಿಂದ ಮೇಲೆತ್ತಿ, ನೇರ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಹೊರತೆಗೆಯಿರಿ. ಅದೇ ತೂತುಗಳಲ್ಲಿ ಹತ್ತಿ ಅಥವಾ ನಾರಿನ ದಾರ ಪೋಣಿಸಿ ಕಟ್ಟಿದರೆ ಸಾಕು.

ಹರಿದ ಪುಟಕ್ಕೆ ತಜ್ಞರು ಬಳಸುವುದು ಜಪಾನಿ ಟಿಶ್ಯೂ ಎಂಬ ಉದ್ದ ನಾರಿನ ತೆಳು ಕಾಗದ ಮತ್ತು ಗೋಧಿ ಪಿಷ್ಟದ ಅಂಟು. ಇಲ್ಲಿ ಒಂದು ಎಚ್ಚರಿಕೆ. ನಮ್ಮ ಬೈಂಡಿಂಗ್ ಅಂಗಡಿಗಳ ಮೈದಾ ಅಂಟಿಗೆ ಹುಳು ಬಾರದಿರಲೆಂದು ಮೈಲುತುತ್ತ ಹಾಕುವ ರೂಢಿಯಿದೆ. ಅದರಲ್ಲಿರುವ ತಾಮ್ರವೇ ಕಾಗದ ಬೇಗ ಹಾಳಾಗಲು ಕಾರಣವಾಗುತ್ತದೆ. ಪಿಷ್ಟದ ಅಂಟಾದರೆ ಮುಂದೆ ಬೇಕೆಂದಾಗ ತೇವ ಮಾಡಿ ಬಿಡಿಸಬಹುದು. ಹಿಂದಕ್ಕೆ ತೆಗೆಯಲಾಗದ ಯಾವುದನ್ನೂ ಕಾಗದಕ್ಕೆ ಹಚ್ಚಬಾರದು ಎಂಬುದೇ ಸಂರಕ್ಷಕರ ಮೂಲ ನಿಯಮ.

ನೀರು ತಾಗಿಸುವ ಮುನ್ನ ಮಸಿಯನ್ನು ಪರೀಕ್ಷಿಸಿ. ಹತ್ತಿಯ ಮೊನೆಯನ್ನು ತುಸು ಒದ್ದೆ ಮಾಡಿ ಅಕ್ಷರದ ಒಂದು ತುದಿಗೆ ಮುಟ್ಟಿಸಿ. ಬಣ್ಣ ಬಂದರೆ ನೀರಿನ ಯೋಚನೆ ಬಿಡಿ. ಫೌಂಟನ್ ಪೆನ್ನಿನ ಬರಹ, ರಬ್ಬರ್ ಮೊಹರು, ನೆನೆದರೆ ನೇರಳೆಯಾಗುವ ಕಾಪಿಯಿಂಗ್ ಪೆನ್ಸಿಲ್ ಎಲ್ಲವೂ ಹರಡುವಂಥವು. ನುಣುಪು ಆರ್ಟ್ ಪೇಪರಿನ ಬ್ರೋಷರ್ ಈಗಾಗಲೇ ಒದ್ದೆಯಾಗಿ ಸಿಕ್ಕರೆ ತಡಮಾಡಬೇಡಿ. ಪುಟಗಳು ಅಂಟಿಕೊಂಡೇ ಒಣಗಿದರೆ ಇಟ್ಟಿಗೆಯಾಗುತ್ತವೆ. ಒದ್ದೆಯಿರುವಾಗಲೇ ಒಂದೊಂದಾಗಿ ಬಿಡಿಸಿ, ನಡುವೆ ಒತ್ತುಕಾಗದವಿಟ್ಟು ನೆರಳಿನಲ್ಲಿ ಒಣಗಿಸಿ.

ನಮ್ಮ ಕಡೆಯ ಕಾರಿನ ಪುಸ್ತಕಗಳ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮದ ಗುರುತು ಇಲ್ಲದಿರುವುದೇ ಅಪರೂಪ. ಅದನ್ನು ಕೊಳೆ ಎಂದು ಉಜ್ಜಬೇಡಿ. ಸೋಪಿನಂಥ ಕ್ಷಾರ ತಾಗಿದರೆ ಅರಿಶಿನ ಕೆಂಪಾಗಿ ಇನ್ನಷ್ಟು ಹರಡುತ್ತದೆ, ಸುಣ್ಣ ಬೆರೆಸಿದ ಓಕುಳಿ ನೀರಿನಲ್ಲಿ ಆಗುವುದೂ ಅದೇ. ಆ ಗುರುತು ಈ ಕಾರು ಯಾವ ಊರಿನಲ್ಲಿ, ಎಂಥ ಮನೆಯಲ್ಲಿ ಬಾಳಿತು ಎಂಬುದರ ದಾಖಲೆಯೂ ಹೌದು. ನಾನಾದರೆ ಹಾಗೆಯೇ ಬಿಡುತ್ತೇನೆ.

ಇದಕ್ಕಿಂತ ಹೆಚ್ಚಿನ ಹಾನಿಯಾಗಿದ್ದರೆ ತಜ್ಞರನ್ನೇ ಕೇಳಬೇಕು. ಈ ವಿಷಯದಲ್ಲಿ ಮೈಸೂರು ಅದೃಷ್ಟದ ಊರು. ಸಾಂಸ್ಕೃತಿಕ ಆಸ್ತಿ ಸಂರಕ್ಷಣೆಯ ರಾಷ್ಟ್ರೀಯ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಇಲ್ಲಿಯೇ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಬೆಳಕಿಗೆ ತಂದ, 1891ರಲ್ಲಿ ಸ್ಥಾಪನೆಯಾದ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಇಲ್ಲಿದೆ. ತಾಳೆಗರಿಗೆ ಹಚ್ಚುವ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ನೋಡಿ ಬಂದು ಕಾಗದಕ್ಕೂ ಹಚ್ಚಲು ಹೋಗಬೇಡಿ. ಗರಿಗೆ ಅದು ಆರೈಕೆ, ಕಾಗದಕ್ಕೆ ಕಲೆ.

ಕಳೆದುಹೋದದ್ದನ್ನು ಹುಡುಕುವುದು

ಮೊದಲ ಮಾಲೀಕರ ಕುಟುಂಬವನ್ನು ಕೇಳಿ. ಕಾರು ಮಾರಿದವರ ಮನೆಯ ಬೀರುವಿನಲ್ಲಿ ಬುಕಿಂಗ್ ರಸೀದಿ, ಕಾರಿನ ಮುಂದೆ ನಿಂತು ತೆಗೆಸಿದ ಫೋಟೊ ಉಳಿದಿರುವುದುಂಟು. ಹಳೆಯ ಗ್ಯಾರೇಜುಗಳ ಅಟ್ಟ, ಗುಜರಿ ಅಂಗಡಿ, ಹಳೆಯ ಪುಸ್ತಕದ ಅಂಗಡಿಗಳು ನಂತರದ ಮಾತು. ಬ್ರಿಟಿಷ್ ಕಾರುಗಳಾದರೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಚಾಸಿ ಸಂಖ್ಯೆಯ ಆಧಾರದ ಮೇಲೆ, ತನ್ನಲ್ಲಿ ಕಡತ ಉಳಿದಿರುವ ಕಾರುಗಳಿಗೆ, ಶುಲ್ಕ ಪಡೆದು ತಯಾರಿಕೆಯ ವಿವರದ ಪ್ರಮಾಣಪತ್ರ ಕೊಡುತ್ತದೆ.

ಇಡುವುದು ಹೇಗೆ?

ಅಸಲಿ ಕಾಗದ ಕಾರಿನಲ್ಲಿ ಇರಬಾರದು. ಅಲ್ಲಿಗೆ ನಕಲು ಸಾಕು. ಆಮ್ಲರಹಿತ ಕಾಗದದ ಫೋಲ್ಡರಿನಲ್ಲೋ ಸ್ವಚ್ಛ ಪಾಲಿಯೆಸ್ಟರ್ ಹಾಳೆಗಳ ನಡುವೆಯೋ ಮಲಗಿಸಿ, ಹೊರಗೋಡೆಗೆ ತಾಗದ ಬೀರುವಿನ ಮಧ್ಯದ ಅರೆಯಲ್ಲಿಡಿ. ನ್ಯಾಫ್ತಲೀನ್ ಗುಳಿಗೆ ಬೇಡ, ಅದು ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಆಗಾಗ ಬದಲಾಯಿಸಿ.

ಜೊತೆಗೆ ಒಂದು ಹಾಳೆ ಇರಲಿ. ಯಾವ ಪುಟ ಹರಿದಿತ್ತು, ಯಾವಾಗ, ಯಾವ ಅಂಟಿನಿಂದ ಸರಿ ಮಾಡಿದಿರಿ, ಯಾವ ಕಾಗದ ಕಾರಿನೊಂದಿಗೇ ಬಂದದ್ದು, ಯಾವುದನ್ನು ನೀವು ಕೊಂಡು ಸೇರಿಸಿದಿರಿ ಎಂಬುದನ್ನೆಲ್ಲ ಅದರಲ್ಲಿ ಬರೆದಿಡಿ. ಮುಂದೆ ಕಾರನ್ನು ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ. ಬರೆಯಲು ಪೆನ್ಸಿಲ್ ಬಳಸಿ, ಅದು ನೀರಿಗೆ ಹರಡುವುದಿಲ್ಲ.